ಹೊಲಿದ ದೋಣಿ

ಗಂಗೊಳ್ಳಿಯಿಂದ ಕಾಪುವಿಗೆ ಆ ದೋಣಿಯನ್ನು ಲಾರಿಯಲ್ಲಿ ತರಬಹುದಿತ್ತು. ನಾನು ಅದನ್ನೇ ಹೇಳಿದ್ದೆ. ಒಣಮೀನಿನ ವ್ಯಾಪಾರ ಮಾಡುವ ನನಗೆ ಲಾರಿಯವರೆಲ್ಲ ಗುರುತು. ಶುಕೂರ್ ಕರೆದ ಎಂದರೆ ಇಲ್ಲ ಎನ್ನುವವರಿಲ್ಲ. ಆದರೆ ದೋಣಿ ಕೊಂಡ ಗೆಳೆಯ ಕರುಣಾಕರ ಒಪ್ಪಬೇಕಲ್ಲ.

"ಲಾರಿಯಲ್ಲಿ ಬಂದರೆ ಅದು ಸೌದೆ, ಮಾರಾಯ," ಎಂದ. "ಸಮುದ್ರದಲ್ಲಿ ಬಂದರೆ ದೋಣಿ. ಸೌದೆಗೆ ಕಾಪುವಿನವರು ಹೆಗಲು ಕೊಡುವುದಿಲ್ಲ."

ಹೆಗಲಿನ ವಿಷಯ ಹೇಳದಿದ್ದರೆ ಈ ಕತೆ ಅರ್ಥವಾಗುವುದಿಲ್ಲ. ಅದು ಅವನ ಸೋದರಮಾವನ ರಂಪಣಿ ದೋಣಿ. ರಂಪಣಿ ಎಂದರೆ ಊರಿಡೀ ಸೇರಿ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ಆ ಬಲೆಯನ್ನು ಸಮುದ್ರಕ್ಕೆ ಒಯ್ಯುತ್ತಿದ್ದದ್ದು ಈ ದೋಣಿ. ಮಲ್ಪೆಯ ಯಾಂತ್ರಿಕ ಬೋಟುಗಳು ಬಂದು ಮೀನನ್ನು ಆಳದಲ್ಲೇ ಸುತ್ತುವರಿದು ಹಿಡಿಯತೊಡಗಿದ ಮೇಲೆ ದಡಕ್ಕೆ ಮೀನು ಬರುವುದೇ ನಿಂತಿತು. ಬಲೆ ಎಳೆಯುವ ಊರಿನ ಕೂಟ ಒಡೆಯಿತು. ಮಾವ ದೋಣಿಯನ್ನು ಗಂಗೊಳ್ಳಿಗೆ ಮಾರಿದರು. ಅದೇ ವರ್ಷ ಕರುಣಾಕರ ಮಲ್ಪೆಗೆ ಹೋಗಿ ಯಾಂತ್ರಿಕ ಬೋಟು ಹತ್ತಿದ.

ಹೊಟ್ಟೆ ಕೇಳುತ್ತದೆ, ನಾನು ತಪ್ಪು ಎನ್ನಲಿಲ್ಲ. ಕಾಪುವಿನ ಕಡಲಬದಿ ತಪ್ಪು ಎಂದಿತು. ಯಾರೂ ಜಗಳ ಮಾಡಲಿಲ್ಲ, ಬೈಯಲಿಲ್ಲ. ಅವನು ಬಂದರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ಅವನಂಥ ಮಾತುಗಾರನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಎಂಬತ್ತೈದರ ಬೇಸಿಗೆಯಲ್ಲಿ ಅವನು ಮಲ್ಪೆಯನ್ನು ಬಿಟ್ಟ, ಗಂಗೊಳ್ಳಿಗೆ ಹೋಗಿ ಮಾವನ ದೋಣಿಯನ್ನು ಮರಳಿ ಕೊಂಡ. ಅದಕ್ಕೆ ಮೋಟರ್ ಇಟ್ಟು ಕಾಪುವಿನವರ ಜೊತೆಯಲ್ಲೇ ಬಲೆ ಹಾಕಬೇಕೆಂದು ಅವನ ಆಸೆ. ಆದರೆ ಕಾಪುವಿನಲ್ಲಿ ಬಂದರು ಇಲ್ಲ. ಅಷ್ಟು ದೊಡ್ಡ ದೋಣಿಯನ್ನು ಅಲೆಯಿಂದಾಚೆ ಮೇಲೆಳೆಯಬೇಕಾದರೆ ಊರಿನ ಹೆಗಲು ಬೇಕು. ಇಲ್ಲದಿದ್ದರೆ ಬೆಳಗಾಗುವುದರೊಳಗೆ ಅಲೆ ಅದನ್ನು ಹಲಗೆ ಹಲಗೆಯಾಗಿ ಬಿಡಿಸಿಡುತ್ತದೆ. ಮಳೆಗಾಲ ಬೇರೆ ಬಾಗಿಲಲ್ಲಿ ನಿಂತಿತ್ತು. ಊರು ಹೆಗಲು ಕೊಟ್ಟರೆ ಅವನಿಗೆ ದೋಣಿಯೂ ಉಂಟು, ಊರೂ ಉಂಟು. ಕೊಡದಿದ್ದರೆ ಎರಡೂ ಇಲ್ಲ.

"ಗುರಿಕಾರರನ್ನು ಕೇಳಿದ್ದೀಯಾ?" ಎಂದೆ. ಗುರಿಕಾರರೆಂದರೆ ಊರಿನ ಮೊಗವೀರ ಮೀನುಗಾರರ ಮುಖ್ಯಸ್ಥರು, ವಿಠಲಣ್ಣ.

"ಅದು ಕೇಳಿ ಪಡೆಯುವಂಥದ್ದಲ್ಲ. ದೋಣಿ ಬರಲಿ. ಅವರು ಬರ್ತಾರೆ."

ಇಂಥ ಧೈರ್ಯ ಎಲ್ಲಿ ಸಿಗುತ್ತದೋ ನನಗೆ ತಿಳಿಯದು. ಆದರೆ ಅದು ಅಂಟುಜಾಡ್ಯ. ನಾನೂ ಹೊರಟೆ, ಫೌಸ್ಟಿನ್ನೂ ಹೊರಟ. ಹೈಸ್ಕೂಲಿನಲ್ಲಿ ನಾವು ಮೂವರೂ ಒಂದೇ ಬೆಂಚು. ಫೌಸ್ಟಿನ್ ಕಲ್ಯಾಣಪುರದವನು, ಪರ್ಕಳದಲ್ಲಿ ಅವನ ಎಂಜಿನ್ ರಿಪೇರಿ ಅಂಗಡಿ. ಸ್ಪ್ಯಾನರಿಗೆ ಬಗ್ಗದ ವಸ್ತುವನ್ನು ದೇವರು ಇನ್ನೂ ಸೃಷ್ಟಿಸಿಲ್ಲ ಎಂಬುದು ಅವನ ನಂಬಿಕೆ.

ಗಂಗೊಳ್ಳಿಯಲ್ಲಿ ದೋಣಿ ತೆಂಗಿನ ಮರದಡಿಯಲ್ಲಿ ಒಣಗಿ ಹಲಗೆಗಳ ನಡುವೆ ಬೆರಳು ಹೋಗುವಷ್ಟು ಬಿರಿದಿತ್ತು. ಅದಕ್ಕೆ ಒಂದೇ ಒಂದು ಮೊಳೆ ಇಲ್ಲ. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಕತ್ತದ ಹಗ್ಗದಿಂದ ಹೊಲಿದದ್ದು, ಗೋಣಿಚೀಲ ಹೊಲಿದ ಹಾಗೆ. ಕಲ್ಲು ತುಂಬಿಸಿ ಹೊಳೆಯಲ್ಲಿ ಮುಳುಗಿಸಿಟ್ಟೆವು. ಮರ ನೀರು ಕುಡಿದು ಉಬ್ಬಿ ಬಿರುಕು ಮುಚ್ಚಿದ ಮೇಲೆ ಎತ್ತಿ ಮೀನೆಣ್ಣೆ ಬಳಿದೆವು. ಹೊರಡುವ ಹಿಂದಿನ ದಿನ ಕರುಣಾಕರ ಸೀಮೆಎಣ್ಣೆ ತರಲು ಪೇಟೆಗೆ ಹೋಗಿದ್ದಾಗ ಫೌಸ್ಟಿನ್ ದೋಣಿಯ ಹಿಂಬದಿಗೆ ಕಬ್ಬಿಣದ ಪಟ್ಟಿ ಇಟ್ಟು, ಹಲಗೆಗೆ ತೂತು ಕೊರೆದು, ಬೋಲ್ಟು ಹಾಕಿ ಮೋಟರ್ ಕೂರಿಸಿದ. ಮೈಯ ಭಾರವನ್ನೆಲ್ಲ ಹಾಕಿ ನಟ್ಟು ಬಿಗಿದ.

ಕರುಣಾಕರ ಬಂದು ನೋಡಿ ಮುಖ ಹುಳಿ ಮಾಡಿದ. "ಇಷ್ಟು ಬಿಗಿ ಬೇಕಿತ್ತಾ?"

"ಬೇಡದಿದ್ದರೆ ಹೇಳು, ಮೋಟರನ್ನು ತೊಡೆ ಮೇಲೆ ಇಟ್ಟುಕೊಂಡು ಹೋಗುವ," ಎಂದ ಫೌಸ್ಟಿನ್.

ಬೆಳಗಿನ ಜಾವ ಹೊಳೆ ಸಮುದ್ರ ಸೇರುವ ಅಳಿವೆ ದಾಟಿದೆವು. ಸಮುದ್ರ ಎಣ್ಣೆ ಹಚ್ಚಿದಂತೆ ನುಣ್ಣಗಿತ್ತು. ಮೋಟರ್ ಒಂದೇ ಸದ್ದಿನಲ್ಲಿ ಓಡಿತು. ಕುಂದಾಪುರ ಹಿಂದಾಯಿತು, ಹಂಗಾರಕಟ್ಟೆ ಹಿಂದಾಯಿತು. ಫೌಸ್ಟಿನ್ ಮೋಟರಿನ ತಲೆ ತಟ್ಟಿ ತಟ್ಟಿ ನಮಗೆ ಎಂಜಿನ್ ಪಾಠ ಹೇಳಿದ. ಇನ್ನು ಸ್ವಲ್ಪ ಹೊತ್ತು ಹಾಗೆಯೇ ಹೋಗಿದ್ದರೆ ನಾನೇ ಅವನನ್ನು ನೀರಿಗೆ ನೂಕುತ್ತಿದ್ದೆ. ಅವನ ಬಾಯಿ ಮುಚ್ಚಿಸುವ ಕೆಲಸವನ್ನು ಸಮುದ್ರವೇ ವಹಿಸಿಕೊಂಡಿತು.

ಮಲ್ಪೆಯ ದ್ವೀಪಗಳು ಕಾಣುವಾಗ ನೈಋತ್ಯದಲ್ಲಿ ಮೋಡ ಎದ್ದಿತು. ಗಾಳಿ ಎದುರಿಗೆ ತಿರುಗಿತು. ಅಲೆಗಳು ಒಂದರ ಹಿಂದೆ ಒಂದು ಬಂದವು, ಪ್ರತಿಯೊಂದನ್ನೂ ಹತ್ತುವಾಗ ದೋಣಿ ನಡು ಬಗ್ಗಿಸಿತು. ಕಾಲಿನಡಿಯಲ್ಲಿ ಹಲಗೆಗಳು ಒಂದರ ಪಕ್ಕದಲ್ಲಿ ಒಂದು ಜರುಗುವುದು ಗೊತ್ತಾಗುತ್ತಿತ್ತು.

"ಇದು ಬಾಗ್ತಾ ಉಂಟಲ್ಲ," ಎಂದೆ.

"ಬಾಗಲಿ. ಬಾಗಬೇಕೆಂದೇ ಹೊಲಿದದ್ದು," ಎಂದ ಕರುಣಾಕರ.

ಬಾಗದಿದ್ದದ್ದು ಒಂದೇ ಜಾಗ, ಹಿಂಬದಿ. ಅಲ್ಲಿ ಫೌಸ್ಟಿನ್ನನ ಕಬ್ಬಿಣ ಹಲಗೆಯನ್ನು ಕಚ್ಚಿ ಹಿಡಿದಿತ್ತು. ದೋಣಿಯಿಡೀ ಅಲೆಗೆ ತಕ್ಕಂತೆ ಮೈ ಬಿಟ್ಟುಕೊಡುವಾಗ ಆ ಮೂಲೆ ಮಾತ್ರ ಸೆಟೆದು ನಿಂತಿತು. ಪಟ್ ಎಂದು ಒಂದು ಹೊಲಿಗೆ ಹೋಯಿತು, ಹಿಂದೆಯೇ ಇನ್ನೊಂದು. ನೀರು ಒಳಗೆ ಬಂತು. ನಾನು ಡಬ್ಬ ತೆಗೆದುಕೊಂಡು ಚೆಲ್ಲತೊಡಗಿದೆ. ಚೆಲ್ಲಿದಷ್ಟೂ ಬಂತು.

ಅಷ್ಟರಲ್ಲಿ ಮಲ್ಪೆಗೆ ಮರಳುತ್ತಿದ್ದ ಒಂದು ಯಾಂತ್ರಿಕ ಬೋಟು ನಮ್ಮ ಹತ್ತಿರ ಬಂತು. ಕರುಣಾಕರ ದುಡಿಯುತ್ತಿದ್ದ ಬೋಟೇ ಅದು. ಅದನ್ನು ನಡೆಸುವ ಅಲೆಕ್ಸ್ ಹಗ್ಗ ಎತ್ತಿ ತೋರಿಸಿದ. "ಕಟ್ಟು ಕರುಣಾಕರ, ಕಾಪುವಿನವರೆಗೆ ಎಳೆದು ಬಿಡ್ತೇನೆ."

"ಬೇಡ ಅಲೆಕ್ಸಣ್ಣ. ದೊಡ್ಡ ಉಪಕಾರ ಆಯ್ತು."

ನನ್ನ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹಠಮಾರಿ, ಹುಚ್ಚ, ನನ್ನ ಹೆತ್ತ ಉಮ್ಮನಿಗೆ ಯಾರು ಉತ್ತರ ಹೇಳುವುದು ಎಂದೆ. ಅವನು ಚುಕ್ಕಾಣಿಯ ಹುಟ್ಟು ಬಿಡದೆ ಕೇಳಿಸಿಕೊಂಡ.

"ಮಲ್ಪೆ ಬೋಟಿನ ಬಾಲ ಹಿಡಿದುಕೊಂಡು ನಾನು ಕಾಪುವಿಗೆ ಹೋದರೆ ಯಾರು ಹೆಗಲು ಕೊಡ್ತಾರೆ, ಶುಕೂರ್? ನೀನು ಬೇಕಾದರೆ ಅವನ ಬೋಟು ಹತ್ತು. ನನಗೆ ಬೇಸರ ಇಲ್ಲ."

ಹತ್ತಲಿಲ್ಲ. ಹತ್ತಿದ್ದರೆ ಫೌಸ್ಟಿನ್ ಜೀವಮಾನವಿಡೀ ಅದನ್ನೇ ಹೇಳಿ ನನ್ನನ್ನು ಕೊಲ್ಲುತ್ತಿದ್ದ. ಅಲೆಕ್ಸ್ ತಲೆ ಅಲ್ಲಾಡಿಸಿ ಹೊರಟುಹೋದ.

"ಬೋಲ್ಟು ಬಿಚ್ಚು," ಎಂದ ಕರುಣಾಕರ.

ಫೌಸ್ಟಿನ್ ತನ್ನ ಹಲ್ಲನ್ನು ತಾನೇ ಕೀಳಬೇಕಾದವನ ಮುಖ ಮಾಡಿದ. ಆದರೂ ಮೋಟರ್ ನಿಲ್ಲಿಸಿದ. ಕರುಣಾಕರ ಉದ್ದದ ಹುಟ್ಟಿನಲ್ಲಿ ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ಹಿಡಿದು ನಿಂತ. ಅವನ ತೋಳಿನ ನರಗಳು ಹಗ್ಗದಂತೆ ಎದ್ದಿದ್ದವು. ಫೌಸ್ಟಿನ್ ಕವುಚಿ ಮಲಗಿ ಬೋಲ್ಟು ಬಿಚ್ಚಿ, ಕಬ್ಬಿಣದ ಪಟ್ಟಿ ಕಳಚಿ, ಮೋಟರನ್ನು ಕತ್ತದ ಹಗ್ಗದಲ್ಲಿ ಸುತ್ತಿ ಸುತ್ತಿ ಕಟ್ಟಿದ. ಬೋಲ್ಟಿನ ತೂತನ್ನೂ ಹೊಲಿಗೆ ಹೋದ ಬಿರುಕನ್ನೂ ಮುಚ್ಚಲು ತೆಂಗಿನ ನಾರಿತ್ತು, ಅಂಟಿಗೆ ಏನೂ ಇರಲಿಲ್ಲ. ನಾನು ಬುತ್ತಿ ಬಿಚ್ಚಿದೆ. ಉಮ್ಮ ಪಾತುಮ್ಮ ಮಾಡಿಕೊಟ್ಟ ಪುಂಡಿ, ಅಕ್ಕಿಯ ಕಡುಬು. ಅವಳ ಪುಂಡಿ ಗಟ್ಟಿ ಎಂದು ದಿನಾ ತಕರಾರು ಮಾಡುವವನು ನಾನೇ. ನಾರಿನೊಂದಿಗೆ ಹಿಸುಕಿ ತುರುಕಿದೆವು. ನೀರು ಪೂರ್ತಿ ನಿಲ್ಲಲಿಲ್ಲ, ಡಬ್ಬಕ್ಕೆ ಬಗ್ಗುವಷ್ಟಾಯಿತು.

ಮೋಟರ್ ಮತ್ತೆ ಚಾಲೂ ಆಯಿತು. ಹಗ್ಗದಲ್ಲಿ ತೂಗಾಡುತ್ತಾ, ದೋಣಿಯ ಜೊತೆಗೆ ತಾನೂ ಬಾಗುತ್ತಾ ಓಡಿತು. ನಾವು ಉಪವಾಸ, ಆದರೆ ಮುಳುಗಲಿಲ್ಲ. ಫೌಸ್ಟಿನ್ ಪಾಠ ನಿಲ್ಲಿಸಿದ್ದ.

ಕಾಪುವಿನ ದೀಪಸ್ತಂಭ ಕಂಡಾಗ ಇಳಿಹೊತ್ತು. ದಡದಲ್ಲಿ ಜನ ಆಗಲೇ ನಿಂತಿದ್ದರು. ರಂಪಣಿ ದೋಣಿಯ ಮೂತಿ ಅವರಿಗೆ ದೂರದಿಂದಲೇ ಗುರುತು. ಕರುಣಾಕರ ಅಲೆ ಒಡೆಯುವ ಸಾಲಿನ ಹೊರಗೆ ಕಾದ. ದೊಡ್ಡ ಅಲೆಗಳು ಹೋಗಿ ಸ್ವಲ್ಪ ಬಿಡುವು ಸಿಕ್ಕಿದ್ದೇ ನೇರ ನುಗ್ಗಿಸಿದ. ಮೂತಿ ಮರಳನ್ನು ಕಚ್ಚಿತು. ನಾನು ಹಗ್ಗ ಹಿಡಿದು ಹಾರಿ ಅದರ ತುದಿಯನ್ನು ದಡಕ್ಕೆ ಎಸೆದೆ.

ಹಗ್ಗ ಮರಳಿನ ಮೇಲೆ ಬಿದ್ದಿತ್ತು. ಯಾರೂ ಮುಟ್ಟಲಿಲ್ಲ.

ವಿಠಲ ಗುರಿಕಾರರು ಎದೆಯ ಮೇಲೆ ಕೈಕಟ್ಟಿ ನಿಂತಿದ್ದರು. ಉಳಿದವರು ಅವರ ಹಿಂದೆ. ಹಿಂದಿನಿಂದ ಬಂದ ಅಲೆ ದೋಣಿಯ ಹಿಂಬದಿಯನ್ನು ಪಕ್ಕಕ್ಕೆ ತಿರುಗಿಸಿತು. ಇನ್ನೆರಡು ಅಂಥದ್ದು ಬಂದರೆ ಮಗುಚುವುದೇ. ಕರುಣಾಕರ ಯಾರ ಮುಖವನ್ನೂ ನೋಡಲಿಲ್ಲ, ಯಾರನ್ನೂ ಕರೆಯಲಿಲ್ಲ. ನೀರಿಗಿಳಿದು ಮೂತಿಗೆ ಹೆಗಲು ಕೊಟ್ಟು ಎಳೆಯುವ ಕೂಗನ್ನು ಎತ್ತಿದ.

ಆ ಕೂಗಿಗೆ ಎರಡು ಭಾಗ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು 'ಐಲೇಸಾ' ಎಂದು ಉತ್ತರ ಕೊಡುತ್ತಾರೆ. ಉತ್ತರ ಮುಗಿಯುವಾಗ ಎಲ್ಲರ ಹೆಗಲೂ ಒಟ್ಟಿಗೆ ಮುಂದಕ್ಕೆ ಹೋಗಬೇಕು. ಅವನು ಎತ್ತಿಕೊಟ್ಟ. ಉತ್ತರ ಕೊಡಬೇಕಾದವರು ನಾವಿಬ್ಬರೇ. ಫೌಸ್ಟಿನ್ ಇಗರ್ಜಿಯ ಪ್ರಾರ್ಥನೆಯಲ್ಲಿ ಹಾಡುವಂತೆ ಎಳೆದ, ನಾನು ಮೀನಿನ ಏಲಂ ಕೂಗುವಂತೆ ಮುಗಿಸಿಬಿಟ್ಟೆ. ಒಬ್ಬ ನೂಕುವಾಗ ಇನ್ನೊಬ್ಬ ಉಸಿರು ತೆಗೆದುಕೊಳ್ಳುತ್ತಿದ್ದ. ದೋಣಿ ತಿರುಚಿಕೊಂಡಿತು. ಒಂದು ಹೊಲಿಗೆ ಹರಿದ ಸದ್ದು ದಡದವರೆಗೂ ಕೇಳಿತು. ಕರುಣಾಕರ ಮತ್ತೆ ಎತ್ತಿಕೊಟ್ಟ. ಸ್ವರ ಒಡೆದಿತ್ತು.

ಆಗ ಗುರಿಕಾರರು ಉತ್ತರ ಕೊಟ್ಟರು. ಕೈಕಟ್ಟಿಯೇ ನಿಂತಿದ್ದರು, ಮುಖ ಗಂಟಿಕ್ಕಿಯೇ ಇತ್ತು, ಆದರೆ ಗಂಟಲು ಅವರ ಮಾತು ಕೇಳಲಿಲ್ಲ. ಆಯುಷ್ಯವಿಡೀ ಆ ಕೂಗಿಗೆ ಉತ್ತರ ಕೊಟ್ಟ ಗಂಟಲು. ತಮ್ಮ ಸ್ವರ ಕೇಳಿ ತಾವೇ ಬೆಚ್ಚಿದರು. ಮರುಕ್ಷಣ, "ದೋಣಿಯನ್ನು ಕೊಲ್ತಾರೆ ಈ ಅಬ್ಬೇಪಾರಿಗಳು," ಎಂದು ಬೈಯುತ್ತಾ ನೀರಿಗಿಳಿದರು. ಹಿಂದೆ ಇಡೀ ದಡ ಇಳಿಯಿತು. ನಾನೂ ಫೌಸ್ಟಿನ್ನೂ ಯಾವ ಮೂಲೆಗೆ ತಳ್ಳಲ್ಪಟ್ಟೆವೋ ಗೊತ್ತಾಗಲಿಲ್ಲ. ಕರುಣಾಕರ ಎತ್ತಿಕೊಟ್ಟ, ಊರು ಉತ್ತರ ಕೊಟ್ಟಿತು, ದೋಣಿ ನೀರು ಸುರಿಸುತ್ತಾ ಮರಳನ್ನು ಹತ್ತಿತು. ನನಗೆ ಹೊಟ್ಟೆಯೊಳಗಿಂದ ನಗು ಬಂತು. ಅಷ್ಟು ಸಂತೋಷ ನನಗೆ ಮತ್ತೆ ಆದದ್ದು ಕಡಿಮೆ.

ತೆಂಗಿನ ಮರದ ಬುಡದಲ್ಲಿ ದೋಣಿ ನಿಂತಿತು. ಎಲ್ಲರೂ ಏದುಸಿರು ಬಿಡುತ್ತಿದ್ದರು. ಗುರಿಕಾರರು ಕರುಣಾಕರನ ಎದುರಿಗೆ ಬಂದರು.

"ಹೆಗಲು ಕೊಟ್ಟದ್ದು ದೋಣಿಗೆ. ನಿನಗೆ ಅಂತ ತಿಳ್ಕೊಳ್ಳಬೇಡ."

"ಆಯ್ತು, ಗುರಿಕಾರರೇ. ನನ್ನದೂ ಒಂದು ಹೆಗಲು ಅದರಲ್ಲಿ ಉಂಟು, ಅಷ್ಟು ಸಾಕು."

ಗುರಿಕಾರರು ಆ ಹೆಗಲನ್ನು ನೋಡಿದರು. ಮೂತಿಯ ಅಂಚಿಗೆ ಉಜ್ಜಿ ಚರ್ಮ ಎದ್ದು ರಕ್ತ ಇಳಿಯುತ್ತಿತ್ತು. ಅವರು ತಮ್ಮ ತಲೆಗೆ ಸುತ್ತಿದ್ದ ಬೈರಾಸು ಟವೆಲನ್ನು ಬಿಚ್ಚಿ, ನೀರು ಹಿಂಡಿ, ಗಾಯದ ಮೇಲೆ ಹಾಕಿದರು. "ಉಪ್ಪುನೀರು, ಉರೀತದೆ," ಎಂದಷ್ಟೇ ಹೇಳಿದರು.

ಬೆಳಗಿನಿಂದ ಗಾಳಿಗೂ ಅಲೆಗೂ ನನ್ನ ಬೈಗುಳಕ್ಕೂ ಜಗ್ಗದಿದ್ದ ಕರುಣಾಕರ ಆ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಗುರಿಕಾರರು ಅವನ ಪಕ್ಕದಲ್ಲೇ ಕುಳಿತರು. ಅಳು ಮುಗಿಯುವವರೆಗೂ ಏಳಲಿಲ್ಲ.