ಗರುಡನ ಫೋಟೋ

ಸೇತುರಾಮ ಸಾರ್ ಅವರ ಕಣ್ಣಿನ ಬಗ್ಗೆ ನನ್ನದೇನೂ ದೂರಿಲ್ಲ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬೋಲ್ಟುಗಳ ಅಳತೆ ಪರೀಕ್ಷಿಸಿದ ಕಣ್ಣು ಅದು. ಕೆಂಗೇರಿಯ ಕೆರೆಯಲ್ಲಿ ಭಾನುವಾರ ಭಾನುವಾರ ಹಕ್ಕಿ ಎಣಿಸುವ ನಮ್ಮ ಗುಂಪಿನಲ್ಲಿ, ಆಕಾಶದಲ್ಲೊಂದು ಚುಕ್ಕೆ ಕಂಡರೂ ಅದು ಹದ್ದೋ ಗರುಡನೋ ಎಂದು ಹೇಳಬಲ್ಲವರು ಅವರೊಬ್ಬರೇ. ಕಲಿಸಿದ ಮೇಷ್ಟ್ರು ನಾನೇ: ಮೈಯೆಲ್ಲ ಕಂದಾಗಿದ್ದರೆ ಹದ್ದು, ತಲೆ, ಎದೆ ಬಿಳಿಯಾಗಿ ರೆಕ್ಕೆ ಇಟ್ಟಿಗೆ ಬಣ್ಣಕ್ಕಿದ್ದರೆ ಗರುಡ.

ನನ್ನ ತಲೆ ಕೆಡುವುದು ಅದರ ಮುಂದಿನ ಕೆಲಸಕ್ಕೆ. ಗರುಡ ಎಂದು ಖಾತ್ರಿಯಾದ ಕೂಡಲೇ ಅವರು ಕ್ಯಾಮೆರಾ ಬಿಟ್ಟು, ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಪಕ್ಕದಲ್ಲಿ ಅವರ ಹೆಂಡತಿ ಅಂಬುಜಾ ಆಂಟಿ ಕೆನ್ನೆ ತಟ್ಟಿಕೊಳ್ಳುತ್ತಾರೆ. ಇಬ್ಬರೂ ಕಣ್ಣು ಬಿಡುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ.

ಬೇರೆ ದಿನವಾದರೆ ನಕ್ಕು ಸುಮ್ಮನಾಗುತ್ತಿದ್ದೆ. ಈ ಫೆಬ್ರವರಿಯಲ್ಲಿ ವಾಕಿಂಗ್ ದಾರಿ ಅಗಲ ಮಾಡಲು ದಡದ ನೀಲಗಿರಿ ಮರ ಕಡಿಯುವುದೆಂದು ನಿರ್ಧಾರವಾಗಿತ್ತು. ಅದರ ತುದಿಯಲ್ಲಿ ಗೂಡಿತ್ತು, ಗೂಡಿನಿಂದ ಮರಿಯ ಸದ್ದು ಕೇಳುತ್ತಿತ್ತು. ಹದ್ದಿನ ಗೂಡು ಊರೆಲ್ಲ ಇವೆ, ಇದು ಗರುಡನದೇ ಅನ್ನುವುದಕ್ಕೆ ಸೋಮವಾರದೊಳಗೆ ಫೋಟೋ ಕೊಟ್ಟರೆ ನೋಡೋಣ ಎಂದಿದ್ದರು ದಾರಿಯ ಕೆಲಸ ನೋಡಿಕೊಳ್ಳುವ ಎಂಜಿನಿಯರ್ ಭೈರೇಶ್.

ಆ ಭಾನುವಾರ ಗರುಡ ಕಾಲಲ್ಲಿ ಮೀನು ಹಿಡಿದು ಗೂಡಿನ ಅಂಚಿಗೇ ಬಂದು ಕೂತಿತು. ಉದ್ದ ಲೆನ್ಸಿನ ಕ್ಯಾಮೆರಾ ಇದ್ದದ್ದು ಸೇತುರಾಮ ಸಾರ್ ಹತ್ತಿರ. ಮತ್ತೆ ಅದೇ ಕಥೆ. ನನಗೆ ರೇಗಿಹೋಯಿತು.

"ಕೈ ಆಮೇಲೆ ಮುಗೀಬೋದಿತ್ತಲ್ಲ ಸಾರ್. ನಾಳೆ ಮರಾನೇ ಇರಲ್ಲ."

"ಎದುರಿಗೇ ಬಂದು ಕೂತ್ರೆ ಕೈ ತಾನಾಗೇ ಹೋಗತ್ತೆ ಕಣಮ್ಮ ಲತಾ. ನಾನೇನ್ ಮಾಡ್ಲಿ?"

ಕ್ಯಾಮೆರಾ ಕಿತ್ತುಕೊಂಡು ನನ್ನ ಕೊರಳಿಗೆ ಹಾಕಿಕೊಂಡೆ. ಕತ್ತಲಾಗುವವರೆಗೂ ಕಾದೆ. ಹಕ್ಕಿ ಮತ್ತೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಗರಗಸದವರನ್ನು ಕರೆದುಕೊಂಡು ಭೈರೇಶ್ ಬಂದರು. ಸೇತುರಾಮ ಸಾರ್ ತಪ್ಪು ಮಾಡಿದವರ ಹಾಗೆ ನನ್ನ ಹಿಂದೆ ನಿಂತಿದ್ದರು. ಎರಡು ವರ್ಷದ ಎಣಿಕೆಯ ಹಾಳೆಗಳನ್ನು ಭೈರೇಶ್ ಮುಂದೆ ಹಿಡಿದೆ. ಯಾವ ತಿಂಗಳು ಎಷ್ಟು ಗರುಡ, ಎಷ್ಟು ಹೊತ್ತಿಗೆ, ಎಲ್ಲ ಬರೆದಿತ್ತು. ಅವರು ಒಂದು ಹಾಳೆಯನ್ನೂ ತಿರುವದೆ ಫೋಟೋ ಎಲ್ಲಿ ಎಂದರು.

ಅಷ್ಟರಲ್ಲಿ ಗರುಡ ಬಂತು. ನಮ್ಮ ನೆತ್ತಿಯ ಮೇಲೆ ಒಂದು ಸುತ್ತು ಹಾಕಿ, ಗೂಡಿಗಿಳಿಯಿತು. ಭೈರೇಶ್ ಶೂ ಕಳಚಿ ಕೈ ಮುಗಿದರು. ಗರಗಸದವರೂ ಗರಗಸ ಕೆಳಗಿಟ್ಟರು.

"ಈ ಮರ ಮುಟ್ಬೇಡ್ರಪ್ಪ. ದಾರೀನ ಒಂಚೂರು ಬಳಸಿ ತಗೊಂಡೋಗಣ," ಎಂದು ಭೈರೇಶ್ ಅವರಿಗೆ ಹೇಳಿದರು.

ಅಷ್ಟೇ. ಎರಡು ವರ್ಷದ ಲೆಕ್ಕ ಯಾರಿಗೂ ಬೇಕಾಗಿರಲಿಲ್ಲ. ಮರ ಉಳಿಯಿತೆಂದು ಸಂತೋಷಪಡಲೋ, ಕೆರೆಗೆಲ್ಲ ಕೇಳುವ ಹಾಗೆ ಕೂಗಾಡಲೋ ತಿಳಿಯಲಿಲ್ಲ.

"ಫೋಟೋ ಬಂತೇನಮ್ಮ?" ಎಂದು ಹಿಂದಿನಿಂದ ಸೇತುರಾಮ ಸಾರ್ ಮೆಲ್ಲಗೆ ಕೇಳಿದರು.

ಕ್ಯಾಮೆರಾ ಕೊರಳಲ್ಲೇ ನೇತಾಡುತ್ತಿತ್ತು. ಹಾಳೆಗಳು ಕಾಲ ಬುಡದಲ್ಲಿ ಚೆಲ್ಲಿದ್ದವು. ನನ್ನ ಎರಡೂ ಕೈ ಎದೆಯ ಹತ್ತಿರ ಇನ್ನೂ ಮುಗಿದುಕೊಂಡೇ ಇದ್ದವು.