ಸೇತುವೆಯ ಕೆಳಗಿನ ಆಮೆನ್

ಪೋರ್ತುಗಲ್ ದೇಶದ ಬರ್ರೋಸು ಬೆಟ್ಟಗಳ ಅಷ್ಟೂ ಇಗರ್ಜಿಗಳ ಆಮೆನ್‌ಗಳನ್ನು ತಕ್ಕಡಿಯ ಒಂದು ತಟ್ಟೆಗೆ ಸುರಿದು, ವಿಲಾರ್ ಊರಿನ ಬೆಲ್ಮಿರೊ ಹೇಳುವ ಒಂದೇ ಒಂದು ಆಮೆನ್ ಅನ್ನು ಇನ್ನೊಂದು ತಟ್ಟೆಗಿಟ್ಟರೆ ಬೆಲ್ಮಿರೊನ ತಟ್ಟೆಯೇ ನೆಲ ಕಚ್ಚುತ್ತಿತ್ತು. ಇದರಲ್ಲಿ ಸಾಸಿವೆಯಷ್ಟೂ ಉತ್ಪ್ರೇಕ್ಷೆಯಿಲ್ಲ. ಅವನು ನಮ್ಮ ಇಗರ್ಜಿಯಲ್ಲಿ ಗಂಟೆ ಬಾರಿಸಿ, ಮೇಣದಬತ್ತಿ ಹಚ್ಚಿ, ಪಾದ್ರಿಯ ಪ್ರಾರ್ಥನೆಗೆ ಪ್ರತಿ ಹೇಳುತ್ತಿದ್ದವನು. ಪಾದ್ರಿ ಮುಗಿಸಿದ ಕೂಡಲೇ ಕಣ್ಣು ಮುಚ್ಚಿ, ಎದೆ ಉಬ್ಬಿಸಿ, ಮೊದಲು 'ಆ' ಎಂದು ಹಿಡಿಯುತ್ತಿದ್ದ. ಆ 'ಆ' ಶುರುವಾದ ಮೇಲೆ ಮನೆಗೆ ಓಡಿ, ಒಲೆಯ ಮೇಲಿನ ಎಲೆಕೋಸಿನ ಸಾರು ತಿರುವಿ ಬಂದ ಹೆಂಗಸರೂ 'ಮೆನ್' ಬೀಳುವ ಹೊತ್ತಿಗೆ ಸರಿಯಾಗಿ ಮಂಡಿಯೂರಿ ಕೂತಿರುತ್ತಿದ್ದರು. 'ಮೆನ್' ಬಿತ್ತೋ, ಪೀಠದ ಮೇಲಿನ ಬತ್ತಿಗಳು ಆರುತ್ತಿದ್ದವು, ಗಡಿಯಾಚೆ ಸ್ಪೇನಿನ ಕೋಳಿಗಳು ಬೆಚ್ಚಿ ಒಂದು ದಿನ ಮುಂಚೆಯೇ ಮೊಟ್ಟೆ ಇಡುತ್ತಿದ್ದವು.

ಇದು ಬೆಲ್ಮಿರೊನಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ. ಮೂವತ್ತು ವರ್ಷದ ಅಭ್ಯಾಸದಿಂದ ಅವನ ಬಾಯಿ ಎಷ್ಟು ಪಳಗಿತ್ತೆಂದರೆ, ಸಂತೆಯಲ್ಲಿ ಹೇಸರಗತ್ತೆಯವನು ಬೈಗುಳದ ಸರಮಾಲೆ ಮುಗಿಸಿದರೂ ಇವನ ಗಂಟಲಿನಿಂದ ಆಮೆನ್ ತಾನೇ ತಾನಾಗಿ ಹೊರಬೀಳುತ್ತಿತ್ತು.

ಇನ್ನು ಸೇತುವೆಯ ವಿಷಯ. ಊರಿನಿಂದ ಅರ್ಧ ಹರದಾರಿ ಕೆಳಗೆ ಸುರ್ದಾ ಹೊಳೆ ಎರಡು ಬಂಡೆಗಳ ನಡುವೆ ಹರಿಯುತ್ತದೆ. ಅದರ ಮೇಲೆ ಒಂದೇ ಕಮಾನಿನ ಕಲ್ಲುಸೇತುವೆ. ಬೆಳಿಗ್ಗೆ ಅದರಿಂದ ಉಗುಳಿದರೆ ಅದು ನೀರು ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ಊಟ ಮುಗಿಸಬಹುದು. ಸೈತಾನ ಅದನ್ನು ಒಂದೇ ರಾತ್ರಿಯಲ್ಲಿ ಕಟ್ಟಿದ. ಕೋಳಿ ಕೂಗುವುದರೊಳಗೆ ಮುಗಿಸಬೇಕೆಂಬುದು ಕರಾರು. ತಡೆಗೋಡೆಯ ಕೊನೆಯ ಕಲ್ಲು ಅವನ ಕೈಯಲ್ಲಿರುವಾಗಲೇ ಹುಂಜ ಕೂಗಿತು. ಕಲ್ಲಿನ ಸಮೇತ ಹೊಳೆಗೆ ಬಿದ್ದ. ಆ ಕಲ್ಲಿನ ಜಾಗ ಇಂದಿಗೂ ಖಾಲಿ. ಬ್ರಾಗಾದಿಂದ ಬಂದ ಗಾರೆಯವರು ಸಂಜೆ ಅಲ್ಲಿ ಕಲ್ಲು ಕೂರಿಸಿದರೆ ಬೆಳಿಗ್ಗೆ ಕಲ್ಲೂ ಇರುವುದಿಲ್ಲ, ಗಾರೆಯೂ ಇರುವುದಿಲ್ಲ. ಅಂದಿನಿಂದ ಕೆಳಗೆ ಕೂತಿರುವವನಿಗೆ ಅರ್ಧಕ್ಕೆ ಬಿಟ್ಟದ್ದು ಯಾವುದನ್ನು ಕಂಡರೂ ಆಗದು, ಮುಗಿಸಿಬಿಡುತ್ತಾನೆ. ಒಬ್ಬಾಕೆ ಅರ್ಧ ಹೆಣೆದ ಉಣ್ಣೆಯ ಕಾಲುಚೀಲ ಆ ಖಾಲಿ ಜಾಗದಿಂದ ಜಾರಿ ಹೊಳೆಗೆ ಬಿತ್ತು. ಮೂರನೆಯ ದಿನ ಕೆಳಗಿನ ಗಿರಣಿಯ ಹತ್ತಿರ ಸಿಕ್ಕಿತು. ಪೂರ್ತಿ ಹೆಣೆದಿತ್ತು, ಆರು ಬೆರಳಿಗೆ ಆಗುವಂತೆ.

ಆದರೂ ಹೆತ್ತ ಕೂಸು ಉಳಿಯದ ಹೆಂಗಸರು ಮತ್ತೆ ಬಸುರಾದಾಗ ಹೋಗುವುದು ಆ ಸೇತುವೆಗೇ. ನಡುರಾತ್ರಿ ಕಳೆದ ಮೇಲೆ ಮೊದಲು ದಾಟಿದ ಮನುಷ್ಯ, ಅವನು ಯಾರೇ ಆಗಲಿ, ಹೊಳೆಯ ನೀರು ಸೇದಿ ಬಸುರಿಯ ಹೊಟ್ಟೆಯ ಮೇಲೆ ಹೊಯ್ದು, ಒಳಗಿರುವ ಕೂಸಿಗೆ ಹೆಸರಿಡಬೇಕು. ಅವನೇ ಅದಕ್ಕೆ ದೇವರ ಮುಂದಿನ ಅಪ್ಪ. ಅವನಿಗಿಂತ ಮುಂಚೆ ನಾಯಿಯೋ ಬೆಕ್ಕೋ ದಾಟಿದರೆ ಆ ರಾತ್ರಿ ಕೆಟ್ಟಂತೆ. ಮತ್ತೆ ಒಂದು ಮಾತು: ಕೊನೆಯಲ್ಲಿ ಆಮೆನ್ ಹೇಳಕೂಡದು. ಅದು ಕೂಸು ಹುಟ್ಟಿದ ಮೇಲೆ ಇಗರ್ಜಿಯಲ್ಲಿ ಹೇಳುವಂಥದ್ದು.

ಆ ವರ್ಷ ಸಂತ ಮಾರ್ತಿನ್ ಹಬ್ಬದ ದಿನ, ನಡುರಾತ್ರಿ ಕಳೆದ ಮೇಲೆ, ಬೆಲ್ಮಿರೊ ಪಕ್ಕದ ಊರಿನಿಂದ ಒಬ್ಬನೇ ಬರುತ್ತಿದ್ದ. ಹೊಟ್ಟೆಯಲ್ಲಿ ಹೊಸ ದ್ರಾಕ್ಷಾರಸ, ಜೇಬಿನಲ್ಲಿ ಸುಟ್ಟ ಚೆಸ್ಟ್‌ನಟ್ ಕಾಯಿ. ಕಣಿವೆಯ ತುಂಬ ಮಂಜು. ಸೇತುವೆಯ ಬಾಯಲ್ಲಿ ಲಾಂದ್ರವೊಂದು ಮೇಲೆದ್ದಿತು.

"ಯಾರದು? ಮನುಷ್ಯನಾ, ಬೇರೆ ಏನಾದರೂನಾ?"

"ಮನುಷ್ಯರಲ್ಲೆಲ್ಲ ಗಟ್ಟಿ ಗಂಟಲಿನವನು ಕಣಜ್ಜಿ."

ಲಾಂದ್ರದ ಹಿಂದೆ ಕೋಲು ಹಿಡಿದ ಕಸ್ತೋರಿನಜ್ಜಿ ನಿಂತಿದ್ದಳು. ಅವನ ಮುಖ ನೋಡಿ ಅವಳ ಮುಖ ಇಳಿಯಿತು. "ಅಯ್ಯೋ ದೇವರೇ, ಮೂರು ರಾತ್ರಿ ಚಳಿಲಿ ಕಾದಿದ್ದಕ್ಕೆ ಇವನಾ? ಒಬ್ಬ ಮೂಗನ್ನ ಕಳಿಸೋಕೆ ಆಗಲಿಲ್ವಾ ನಿನಗೆ?"

"ನಾನು ಬೇಕಾದ್ರೆ ವಾಪಸ್ ಹೋಗ್ತೀನಿ."

"ಕಾಲು ಇಟ್ಟಾಯ್ತಲ್ಲೋ. ಈಗ ನೀನು ಹಿಂದೆ ಹೋದ್ರೆ ಕೂಸೂ ನಿನ್ನ ಹಿಂದೇನೇ ಹೋಗುತ್ತೆ. ನಡಿ ಮುಂದೆ. ನಿನ್ನ ಹಿಂದೆ ನಾಯಿಗೀಯಿ ಬರಲಿಲ್ಲ ತಾನೇ?"

ಸೇತುವೆಯ ಆ ತುದಿಯಲ್ಲಿ, ಮಂಜಿನಾಚೆ, ಅಜ್ಜಿಯ ಮಗ ಜಸಿಂತು ಎತ್ತಿನ ಮುಳ್ಳುಗೋಲು ಹಿಡಿದು ಬೆಕ್ಕುಗಳಿಗೆ ಕಾವಲಿದ್ದ. ನಡುವೆ, ಕಲ್ಲಿಲ್ಲದ ಆ ಖಾಲಿ ಜಾಗದ ಪಕ್ಕ, ಅವನ ಹೆಂಡತಿ ಎರ್ಮೆಲಿಂಡ ಕಂಬಳಿ ಹೊದ್ದು ಕೂತಿದ್ದಳು. ಬೆಲ್ಮಿರೊ ಅವಳೆದುರು ನಿಂತು ಟೋಪಿ ತೆಗೆದ. ಏನಾದರೂ ತಮಾಷೆ ಮಾಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಮಾತಾಡಿದಳು.

"ಬೆಲ್ಮಿರೊ, ನನ್ನ ಮೂರು ಮಕ್ಕಳಿಗೂ ನೀನೇ ಆಮೆನ್ ಹೇಳಿದ್ದು. ಇದೊಂದಕ್ಕೆ ಹೇಳಬೇಡ."

ಮೂರು ಪುಟ್ಟ ಬಿಳಿ ಶವಪೆಟ್ಟಿಗೆಗಳು. ಮೊದಲನೆಯದು ಎಂಟು ದಿನದ್ದು, ಕೊನೆಯದು ಒಂದೇ ದಿನದ್ದು. ಬೆಲ್ಮಿರೊ ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿದ.

"ಹೇಳಲ್ಲ ಕಣವ್ವ."

"ಇವನ ಮಾತು ನಂಬಬೇಡ," ಎಂದಳು ಅಜ್ಜಿ. ಅವನ ಜೇಬಿಗೇ ಕೈಹಾಕಿ, ದಪ್ಪನೆಯ ಚೆಸ್ಟ್‌ನಟ್ ಎರಡು ಆರಿಸಿಕೊಂಡಳು. "ಹೆಸರು ಹೇಳಿ ಮುಗಿಸಿದ ಕೂಡಲೇ ಇವನ್ನ ನಿನ್ನ ಬಾಯಿಗೆ ತುರುಕ್ತೀನಿ. ಆಮೆನ್ ಅಂದ್ರೆ ಮುಗೀತು ಅಂತ ಕಣೋ. ಹುಟ್ಟೋಕೆ ಮುಂಚೆ ಮುಗಿಸಿಬಿಟ್ರೆ ಕೂಸು ಹೊರಗೆ ಯಾಕೆ ಬರುತ್ತೆ?"

ಬೆಲ್ಮಿರೊ ಮಣ್ಣಿನ ಕೊಡಕ್ಕೆ ಹಗ್ಗ ಕಟ್ಟಿ ಖಾಲಿ ಜಾಗದಿಂದ ಇಳಿಬಿಟ್ಟ. ಹಗ್ಗ ಇಳಿಯಿತು, ಇಳಿಯಿತು, ಇನ್ನೇನು ಪಾತಾಳದ ನೆಂಟರ ಮನೆಯ ಸೂರು ತಗಲಬೇಕು ಅನ್ನುವಷ್ಟರಲ್ಲಿ ಭಾರವಾಯಿತು. ಎಳೆದ. ಬರಲಿಲ್ಲ. ಕೆಳಗೆ ಯಾರೋ ಕೊಡವನ್ನು ಎರಡೂ ಕೈಯಲ್ಲಿ ಹಿಡಿದು, ಇದು ಯಾರದ್ದಿರಬಹುದು ಎಂದು ತಿರುಗಿಸಿ ನೋಡುತ್ತಿರುವಂತೆ ಹಗ್ಗ ಮೆಲ್ಲಗೆ ಸುತ್ತಿತು. ಆಮೇಲೆ ಬಿಟ್ಟರು. ಕೊಡ ಮೇಲೆ ಬಂತು. ನೀರು ನವೆಂಬರಿನ ಚಳಿಯಲ್ಲೂ ಬೆಚ್ಚಗಿತ್ತು.

ಯಾರಿಗೂ ಅದನ್ನು ಹೇಳದೆ ಬೆಲ್ಮಿರೊ ಬೊಗಸೆ ತುಂಬಿಕೊಂಡ. "ದೇವರ ಬಲದಿಂದ, ಕನ್ಯಾ ಮರಿಯಳ ಬಲದಿಂದ, ಒಡಲೊಳಗಿನ ಜೀವವೇ, ನಿನಗೆ ಈ ನೀರು ಹೊಯ್ಯುತ್ತೇನೆ. ಗಂಡಾದರೆ ನೀನು ಜೆರ್ವಾಸಿಯು, ಹೆಣ್ಣಾದರೆ ನೀನು ಸಿನ್ಯೊರಿನ್ಯ."

ಅಜ್ಜಿ ಎರಡೂ ಚೆಸ್ಟ್‌ನಟ್‌ಗಳನ್ನು ಒಟ್ಟಿಗೇ ತುರುಕಿದಳು. ಅವನ ಕೆನ್ನೆಗಳು ಉಬ್ಬಿ ಕಣ್ಣು ಮುಚ್ಚಿಹೋದವು. ಹೊಳೆಯ ಸದ್ದು ನಿಂತಿತು. ನೀರು ಹರಿಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ.

ಆಗ ಕೇಳಿಸಿತು. "ಆ..."

ತುಂಬು ದನಿ, ಇಗರ್ಜಿಯ ಗುಮ್ಮಟ ತುಂಬುವ ದನಿ. ಜಸಿಂತು ಮಂಜಿನೊಳಗಿಂದ ಕೂಗಿದ: "ಬೆಲ್ಮಿರೊ, ಮುಚ್ಚೋ ಬಾಯಿ. ನಿನ್ನ ಹಲ್ಲು ಉದುರಿಸ್ತೀನಿ."

ಅಜ್ಜಿ ಲಾಂದ್ರವನ್ನು ಬೆಲ್ಮಿರೊನ ಮುಖಕ್ಕೆ ಹಿಡಿದಳು. ಬಾಯಿ ಚೆಸ್ಟ್‌ನಟ್‌ನಿಂದ ಕಿಕ್ಕಿರಿದಿತ್ತು. ದನಿ ಅವನದೇ, ಬರುತ್ತಿದ್ದುದು ಕಮಾನಿನ ಕೆಳಗಿನಿಂದ.

"ಕೂಸು ಅಲ್ಲಾಡ್ತಿಲ್ಲ," ಎಂದಳು ಎರ್ಮೆಲಿಂಡ. "ಇಷ್ಟು ಹೊತ್ತು ಒದೀತಿತ್ತು. ಈಗ ಅಲ್ಲಾಡ್ತಿಲ್ಲ."

ಬೆಲ್ಮಿರೊ ತನ್ನ ಆಮೆನ್ ಅನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಎಷ್ಟು ಚಂದವಿದೆ ಎಂದು ಒಂದು ಕ್ಷಣ ಮೈಮರೆತದ್ದೂ ನಿಜ. ಆದರೆ ಆ 'ಆ' ಎಲ್ಲಿ ತಿರುಗುತ್ತದೆ, ಎಲ್ಲಿ ಇಳಿಯತೊಡಗುತ್ತದೆ ಎಂಬುದು ಪ್ರಪಂಚದಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅದು ಆಗಲೇ ಇಳಿಯುತ್ತಿತ್ತು. 'ಮೆನ್' ಬಂದರೆ ಮುಗಿಯಿತು.

ಮೂವತ್ತು ವರ್ಷ ಪ್ರತಿ ಹೇಳಿದವನಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಪ್ರಾರ್ಥನೆ ನಡೆಯುತ್ತಿರುವಾಗ ನಡುವೆ ಬಿದ್ದ ಆಮೆನ್‌ಗೆ ಲೆಕ್ಕವಿಲ್ಲ. ಸೈತಾನನಾದರೂ ಪಾದ್ರಿ ಮುಗಿಸುವವರೆಗೆ ಕಾಯಬೇಕು. ಬೆಲ್ಮಿರೊ ಎರಡೂ ಚೆಸ್ಟ್‌ನಟ್‌ಗಳನ್ನು ಹೊಳೆಗೆ ಉಗುಳಿದ.

"ಮತ್ತು," ಎಂದ.

ಕೆಳಗಿನ ದನಿ ತಟ್ಟನೆ ನಿಂತಿತು.

"ಮತ್ತು ಸಂತ ಬೆಂತುವಿನ ಬಲದಿಂದ. ಮತ್ತು ಸಂತ ಮಾರ್ತಿನ್‌ನ ಬಲದಿಂದ, ಮತ್ತು ಅವನು ಬಡವನಿಗೆ ಹರಿದುಕೊಟ್ಟ ಅರ್ಧ ಕಂಬಳಿಯ ಬಲದಿಂದ, ಮತ್ತು ಅವನ ಕುದುರೆಯ ಬಲದಿಂದ..."

ಒಳಗೆ ಕೂಸು ಮೆಲ್ಲಗೆ ಹೊರಳಿತು. ಎರ್ಮೆಲಿಂಡ ಅವನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. "ನಿಲ್ಲಿಸಬೇಡ."

ಬೆಲ್ಮಿರೊನಿಗೆ ಮಾತು ನಿಲ್ಲಿಸಬೇಡ ಎಂದವರು ಹುಟ್ಟಿದ ಮೇಲೆ ಅವಳೊಬ್ಬಳೇ. ಪಂಚಾಂಗದಲ್ಲಿದ್ದ ಸಂತರನ್ನೆಲ್ಲ ಕರೆದ. ಮುನ್ನೂರ ಅರವತ್ತೈದು ದಿನದ ಸಂತರು ಒಂದೇ ಗಂಟೆಯಲ್ಲಿ ಮುಗಿದುಹೋದರು. ಹೊಸ ಸಂತರನ್ನು ಹುಟ್ಟಿಸಿದ. ಹಲ್ಲುನೋವಿನ ಸಂತ, ಕಳೆದ ಕತ್ತೆಯ ಸಂತ, ಅತ್ತೆಯ ಕೈಗೆ ಸಿಕ್ಕವರನ್ನು ಕಾಯುವ ಸಂತಮ್ಮ.

"ನನ್ನ ಮುಖ ಯಾಕೆ ನೋಡ್ತೀಯೋ," ಎಂದಳು ಅಜ್ಜಿ. "ಮುಂದೆ ಹೇಳು."

ಉಸಿರಿಗೆಂದು ನಿಂತಾಗಲೆಲ್ಲ ಕೆಳಗಿನಿಂದ 'ಆ' ಏಳುತ್ತಿತ್ತು, ಪ್ರತಿ ಸಲವೂ ಒಂದಿಷ್ಟು ಹತ್ತಿರದಿಂದ. ಈಗ ಅದು ಖಾಲಿ ಜಾಗದ ಅಂಚಿಗೇ ಬಂದಿತ್ತು. ಲಾಂದ್ರದ ಬೆಳಕಿನಲ್ಲಿ, ಕಲ್ಲಿರಬೇಕಾದ ಕಡೆ, ಒದ್ದೆಯಾದ ಆರು ಬೆರಳು ಅಂಚನ್ನು ಹಿಡಿದಿದ್ದವು. ಅಜ್ಜಿ ಅತ್ತ ನೋಡಿದಳು, ಕೋಲನ್ನು ಭದ್ರವಾಗಿ ಹಿಡಿದಳು, ಸೊಸೆಯ ತಲೆಯನ್ನು ಇನ್ನೊಂದು ಕಡೆಗೆ ತಿರುಗಿಸಿದಳು.

ಸಂತರು ಮುಗಿದರು. ಬಡಾಯಿಗಳೂ ಮುಗಿದವು. ಬೆಲ್ಮಿರೊನ ಬಡಾಯಿ ಮುಗಿಯಿತೆಂದರೆ ಸಮುದ್ರ ಬತ್ತಿತೆಂದೇ ಅರ್ಥ. ಗಂಟಲು ಹರಿದು ದನಿ ಎನ್ನುವುದೇ ಉಳಿದಿರಲಿಲ್ಲ. ಉಳಿದದ್ದು ಒಂದೇ ಮಾತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಮತ್ತು," ಎಂದು ಪಿಸುಗುಟ್ಟಿದ, "ಮೊದಲನೇ ಪೆಟ್ಟಿಗೆಯ ಬಲದಿಂದ. ಅವತ್ತು ಗುಂಡಿ ಹತ್ತಿರ ನಾನು ನನ್ನ ದನಿ ಮಾತ್ರ ಕೇಳಿಸ್ಕೊಂಡೆ. ಮತ್ತು ಎರಡನೇ ಪೆಟ್ಟಿಗೆಯ ಬಲದಿಂದ. ಅವತ್ತು ಸ್ಮಶಾನದ ಗೇಟಿನ ಹತ್ತಿರ ಯಾರೋ ಚೆನ್ನಾಗಿ ಹೇಳಿದೆ ಕಣೋ ಅಂದ್ರು, ನಾನು ನಕ್ಕೆ. ಮತ್ತು ಮೂರನೇ ಪೆಟ್ಟಿಗೆಯ ಬಲದಿಂದ. ಅದು ಎಷ್ಟು ಹಗುರ ಇತ್ತು ಅಂದ್ರೆ ನಾನೊಬ್ಬನೇ ಹೊತ್ತೆ, ಹೊತ್ತುಕೊಂಡು 'ಆ' ಎಷ್ಟು ಉದ್ದ ಹಿಡೀಲಿ ಅಂತ ಯೋಚಿಸ್ತಾ ನಡೆದೆ. ಮತ್ತು..."

ಎರ್ಮೆಲಿಂಡ ಅವನ ಕೈ ಬಿಡಲಿಲ್ಲ. ಇನ್ನಷ್ಟು ಒತ್ತಿ ಹಿಡಿದಳು.

ಮೇಲೆ ಊರಿನಲ್ಲಿ ಹುಂಜ ಕೂಗಿತು.

ಅಂಚಿನ ಬೆರಳುಗಳು ಸಡಿಲವಾದವು. ಬಹಳ ಹೊತ್ತಿನ ಮೇಲೆ, ಬಹಳ ಕೆಳಗೆ, ಏನೋ ನೀರಿಗೆ ಬಿದ್ದ ಸದ್ದಾಯಿತು, ಅದರ ಹಿಂದೆಯೇ ಹೊಳೆಯ ಸದ್ದೂ ಮರಳಿತು.

ಫೆಬ್ರವರಿಯಲ್ಲಿ ಹೆಣ್ಣು ಹುಟ್ಟಿತು, ಸಿನ್ಯೊರಿನ್ಯ. ಅದರ ಮೊದಲ ಅಳುವಿಗೆ ಮೂರು ಊರಿನ ನಾಯಿಗಳು ಉತ್ತರ ಕೊಟ್ಟವು. ಜ್ಞಾನಸ್ನಾನಕ್ಕೆಂದು ಇಗರ್ಜಿಗೆ ತಂದ ದಿನ, ಬಾಕಿಯಿದ್ದ ಆಮೆನ್ ಕೇಳಲು ಒಂಬತ್ತು ಊರಿನವರು ಕಿಕ್ಕಿರಿದಿದ್ದರು. ಬೆಲ್ಮಿರೊ ಕಣ್ಣು ಮುಚ್ಚಿದ, ಎದೆ ಉಬ್ಬಿಸಿದ. ಬಂದದ್ದು ಚಳಿಗೆ ಸಿಕ್ಕ ಮೇಕೆಮರಿಯ ದನಿ. ಒಂದು ಬತ್ತಿಯೂ ಅಲುಗಲಿಲ್ಲ. ಆದರೆ ಅವನ ಸ್ವಂತದ್ದು ಅಂತ ಉಳಿದದ್ದು ಅಷ್ಟೇ, ಮಗುವಿಗೆ ಅಷ್ಟು ಸಾಕಾಯಿತು. ಜಸಿಂತು, ಮಗಳ ದೇವರ ಮುಂದಿನ ಅಪ್ಪನಾದ ಅವನನ್ನು ಎಲ್ಲರೆದುರು ತಬ್ಬಿಕೊಂಡು "ಬೀಗಾ, ಮನೆಗೆ ಬಾ, ಊಟ ಮಾಡು," ಎಂದ.

ದೊಡ್ಡ ಆಮೆನ್ ಸೇತುವೆಯ ಕೆಳಗೇ ಉಳಿಯಿತು. ಅಂದಿನಿಂದ ನಮ್ಮವರು ಮಾತನ್ನು ಪೂರ್ತಿ ಮುಗಿಸಿಯೇ ಸೇತುವೆಗೆ ಕಾಲಿಡುತ್ತಾರೆ. ನಡುವೆ ಅರ್ಧಕ್ಕೆ ನಿಲ್ಲಿಸಿದವರಿಗೆ ಕೆಳಗಿನಿಂದ 'ಆ' ಕೇಳಿಸಿದೆ. ಕಂಬಳಿಯ ವ್ಯಾಪಾರಿಯೊಬ್ಬ ಜಗಳದ ಮಾತನ್ನು ಅರ್ಧಕ್ಕೆ ನುಂಗಿ ದಾಟಿದ. 'ಮೆನ್' ಕೂಡ ಕೇಳಿಸಿಕೊಂಡನಂತೆ. ಆ ವಾಕ್ಯವನ್ನು ಮುಗಿಸಲು ಅವನು ಯಾವ ಊರಿಗೂ ಹೋಗಿ ಮುಟ್ಟಲಿಲ್ಲ.

ಇಪ್ಪತ್ತೆರಡು ವರ್ಷದ ಮೇಲೆ ಬೆಲ್ಮಿರೊ ತೀರಿಕೊಂಡ. ಹಾಡುಹಗಲು, ಬಿಸಿಲು. ಗುಂಡಿಯ ಬಳಿ ಪಾದ್ರಿ ಪ್ರಾರ್ಥನೆ ಮುಗಿಸಿದರು. ಜನ ಆಮೆನ್ ಎನ್ನಲು ಬಾಯಿ ತೆರೆಯುವ ಮೊದಲೇ, ಅರ್ಧ ಹರದಾರಿ ಕೆಳಗಿನ ಕಣಿವೆಯಿಂದ ಅದು ಎದ್ದುಬಂತು. "ಆ..." ಅದೇ ತುಂಬು ದನಿ, ಒಂದು ದಿನವೂ ಮುದಿಯಾಗದ ದನಿ. ಬಿಸಿಲಿನಲ್ಲಿ ಹಿಡಿದಿದ್ದ ಬತ್ತಿಗಳು ಒಂದೊಂದಾಗಿ ಆರಿದವು.

ಸಿನ್ಯೊರಿನ್ಯ ಕಪ್ಪು ಶಾಲು ಸರಿಪಡಿಸಿಕೊಂಡು ಗುಂಡಿಯ ಅಂಚಿಗೆ ಬಂದು ನಿಂತಳು.

"ಮತ್ತು," ಎಂದಳು.

ಅವನು ಕಲಿಸಿದ್ದ ಹಲ್ಲುನೋವಿನ ಸಂತನಿಂದ ಶುರುಮಾಡಿದಳು. ಪೋರ್ತುಗಲ್ ದೇಶದಲ್ಲಿ ಅಷ್ಟು ಉದ್ದದ ಮಣ್ಣು ಮಾಡುವ ಶಾಸ್ತ್ರ ಎಂದೂ ನಡೆದಿಲ್ಲ. ಪಾದ್ರಿ ಹೋಗಿ ಊಟ ಮಾಡಿ, ನಿದ್ದೆ ಮಾಡಿ, ಮರಳಿ ಬಂದರು. ಅವಳು ಹೇಳುತ್ತಲೇ ಇದ್ದಳು. ಕೊನೆಗೆ ಪಾದ್ರಿಮನೆಯ ಹುಂಜ ಮಧ್ಯಾಹ್ನ ಮೂರೂವರೆಗೆ, ಬೇಸತ್ತೋ ಏನೋ, ಬೇಲಿ ಹತ್ತಿ ಕೂಗಿತು. ಆಗ ಅವಳು ನಿಲ್ಲಿಸಿದಳು.

ಕಲ್ಲನ್ನು ಅವಳೇ ಕೆತ್ತಿಸಿದಳು. ಕೆತ್ತುವವನು ಎರಡು ಸಲ ಕೇಳಿದನಂತೆ, ಇಷ್ಟೇನಾ, ಮುಂದಿನ ಸಾಲು ಇಲ್ವಾ ಎಂದು. ಇಷ್ಟೇ ಎಂದಳು. ಈಗಲೂ ಓದಬಹುದು: ಇಲ್ಲಿ ಮಲಗಿರುವುದು ಬೆಲ್ಮಿರೊ, ಮತ್ತು

ಮಂಜಿನ ದಿನಗಳಲ್ಲಿ ಕಣಿವೆಯಿಂದ ಆ 'ಆ' ಎದ್ದು ಸ್ಮಶಾನದ ಗೋಡೆಯ ತನಕ ಬರುತ್ತದೆ. ಆ ಕಲ್ಲಿನ ಮುಂದೆ ನಿಲ್ಲುತ್ತದೆ. ಕಾಯುತ್ತದೆ.