ಕರಿಯದೋ ಬಿಳಿಯದೋ

ಬುರುಡೆ ಅಂದಿರಾ? ಅನ್ನಿ. ಬಟ್ಟೆಯ ತುಂಡು ಮೇಜಿನ ಮೇಲೆ ತನ್ನಷ್ಟಕ್ಕೆ ತಾನೇ ನೆಟ್ಟಗೆ ನಿಲ್ಲುವುದುಂಟೇ ಎಂದು ನಗುವುದಕ್ಕೆ ನನ್ನ ಮೊಮ್ಮಕ್ಕಳೇ ಸಾಕು. ನಮ್ಮ ಭಾವನ ಕೋಟಿನ ಜೇಬಿನಲ್ಲಿದ್ದ ಆ ತುಂಡು ನಿಲ್ಲುತ್ತಿತ್ತು, ಸ್ವಾಮಿ. ಹೊಲಿಗೆ ಮಿಷನ್ ಮಾರುವ ಅಂಗಡಿ ಕಂಡಲ್ಲೆಲ್ಲ ಒಳಹೊಕ್ಕು, ಅದನ್ನು ಸೂಜಿಯ ಕೆಳಗಿಟ್ಟು ಒಂದು ಸಾಲು ಹೊಲಿದು ನೋಡಿ, ಮತ್ತೆ ಮಡಚಿಟ್ಟುಕೊಂಡು ಬಂದೂ ಬಂದೂ, ಅದರಲ್ಲಿ ಬಟ್ಟೆಗಿಂತ ದಾರವೇ ಹೆಚ್ಚಾಗಿ ಹಲಗೆಯಂತೆ ಬಿಗಿದುಹೋಗಿತ್ತು. ಭಾವ ಬೀದಿಯ ತಿರುವಿನಲ್ಲಿ ಕಂಡರೆ ಮಿಷನ್‌ಗಳು ಹೆದರಿ ತಾವಾಗಿಯೇ ಎಣ್ಣೆ ಸೋರಿಸುತ್ತಿದ್ದವು. ಬೇಕಾದರೆ ಇದನ್ನು ಬುರುಡೆ ಅನ್ನಿ.

ಅವರ ಕಸುಬು ತಕ್ಕಡಿ ರಿಪೇರಿ. ಎರಡು ತಟ್ಟೆಗಳೂ ಸಮನಾಗಿ, ಮುಳ್ಳು ನಟ್ಟನಡುವೆ ನಿಂತುಬಿಟ್ಟರೆ ಮುಖದಲ್ಲೊಂದು ಧನ್ಯತೆ. ನಡಿಗೆಯೂ ಹಾಗೆಯೇ: ಎಡಕ್ಕೊಮ್ಮೆ ವಾಲಿ, ಬಲಕ್ಕೊಮ್ಮೆ ವಾಲಿ, ನಡುವೆ ಒಂದು ಕ್ಷಣ ನಿಲುಗಡೆ. "ಅದೂ ಸರಿ, ಇದೂ ಸರಿ" ಎಂಬುದು ಮಾತಿನ ಪಲ್ಲವಿ. ಬೂದು ಕೋಟಿನ ಜೇಬು ತೂತಾಗಿ, ಸಣ್ಣ ಸಣ್ಣ ತೂಕದ ಕಲ್ಲುಗಳೆಲ್ಲ ಅಸ್ತರಿನೊಳಗೆ ಇಳಿದು, ನಡೆದರೆ ಗಿಲಕಿಯ ಸದ್ದು. ಹೊಲಿದುಕೊಡುತ್ತೇನೆಂದು ನನ್ನ ಅಕ್ಕ ಕೈಚಾಚಿದರೆ, "ಮಿಷನ್ ಬರ್ಲಿ, ತಡಿಯೇ" ಎನ್ನುತ್ತಿದ್ದರು.

ಅಕ್ಕ ದೊಡ್ಡ ದರ್ಜಿಯೇನಲ್ಲ. ದಿಂಬಿನ ಚೀಲ, ಕಿಟಕಿಯ ಪರದೆ, ಮಗಳಿಗೊಂದು ಫ್ರಾಕು, ಇಷ್ಟೇ ಅವಳ ಬಿಡುವಿನ ಹೊಲಿಗೆ. ಮದುವೆಯಾದ ಹೊಸದರಲ್ಲಿ ಒಂದು ಮಿಷನ್ ಕೇಳಿದಳು. ಭಾವ ಸಂತೋಷದಿಂದ ಒಪ್ಪಿದರು. ಎಡವಟ್ಟಾದದ್ದು ಕಂಪನಿ ಎರಡಿದ್ದದ್ದರಿಂದ. ಒಂದರದು ಕರಿ ಕಬ್ಬಿಣದ್ದು, ಕಾಲಲ್ಲಿ ತುಳಿಯುವುದು, ನೇರ ಹೊಲಿಗೆ ಬಿಟ್ಟರೆ ಬೇರೇನೂ ಅರಿಯದ್ದು. ಇನ್ನೊಂದರದು ಬಿಳಿ, ಕರೆಂಟಿನದು, ಕಾಜಾ ಹಾಕುವುದು, ಹಾವಿನಂತೆ ಹೊರಳಾಡುತ್ತ ಅಂಚು ಕಟ್ಟುವುದು.

"ಜೀವನದಲ್ಲಿ ಒಂದೇ ಸಲ ತಗೊಳ್ಳೋ ಸಾಮಾನು ಕಣಯ್ಯ. ಕರಿಯದು ಗಟ್ಟಿ. ಆದ್ರೆ ತುಳಿದೂ ತುಳಿದೂ ನಿಮ್ಮಕ್ಕನ ಮಂಡಿ ಏನಾಗ್ಬೇಕು?"

"ಹಾಗಾದ್ರೆ ಬಿಳಿಯದೇ ತನ್ನಿ, ಭಾವ."

"ಕರೆಂಟ್ ಹೋದ್ರೆ?"

"ಕರಿಯದು ತನ್ನಿ."

"ಅದೂ ಸರಿ" ಎಂದು ಕೋಟು ಕೊಡವಿಕೊಂಡು ಇನ್ನೊಂದು ಅಂಗಡಿಗೆ ಹೊರಡುತ್ತಿದ್ದರು. ಅಂಗಡಿಯವನೊಬ್ಬ ಕೈಮುಗಿದು ಕೇಳಿಯೂಬಿಟ್ಟ: "ಸಾರ್, ನಮ್ಮಪ್ಪನ ಕಾಲದಿಂದ ನೋಡ್ತಾ ಇದ್ದೀರ. ನನ್ನ ಮಗನ ಕಾಲಕ್ಕಾದ್ರೂ ಒಯ್ತೀರಾ?"

ಅಷ್ಟರಲ್ಲಿ ಮಗಳು ಫ್ರಾಕಿನ ವಯಸ್ಸು ದಾಟಿದಳು. ಕೈಹೊಲಿಗೆ ಹಿಡಿದು ಕೂತ ಅಕ್ಕ ಕಿಟಕಿಗೆ ಹತ್ತಿರ ಹತ್ತಿರ ಸರಿಯತೊಡಗಿದಳು. ಮೊದಮೊದಲು ದಾರದ ತುದಿಯನ್ನು ಮತ್ತೆ ಮತ್ತೆ ಒದ್ದೆ ಮಾಡಿ ತಾನೇ ಪೋಣಿಸುತ್ತಿದ್ದಳು. ಬಳಿಕ ಪಕ್ಕದ ಮನೆಯವಳನ್ನು ಕರೆಯುತ್ತಿದ್ದಳು. ಆಮೇಲೆ ಸೂಜಿಡಬ್ಬಿಯನ್ನೇ ಮುಚ್ಚಿಟ್ಟಳು. ಕಣ್ಣಿನ ನರ ಸೋತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು.

ಆ ವಾರವೇ ಭಾವ ಮಿಷನ್ ತಂದರು. ಸೂಜಿಗೆ ದಾರವನ್ನು ತಾನೇ ಎಳೆದುಕೊಡುವ ಪುಟ್ಟ ಕೊಕ್ಕೆಯೊಂದು ಅದರಲ್ಲಿತ್ತು. ಆ ಕೊಕ್ಕೆಯ ಭಾರಕ್ಕೆ ಕೊನೆಗೂ ತಟ್ಟೆ ವಾಲಿತ್ತು. ನಾನೇ ಕೈಕೊಟ್ಟು ಮೇಜಿನ ಮೇಲಿರಿಸಿದೆ. ಅಕ್ಕ ಅಂಗೈಯಿಂದ ಅದರ ಮೈ ಸವರಿದಳು.

"ಯಾವುದ್ರೀ ಇದು? ಕರಿಯದಾ, ಬಿಳಿಯದಾ?"

ಭಾವ ಮಿಷನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ನಿಂಗೆ... ನಿಂಗೆ ಯಾವುದು ಬೇಕಿತ್ತೇ?"

ಅಷ್ಟು ವರ್ಷಗಳಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು.

"ಯಾವುದಾದ್ರೂ ಆಗ್ತಿತ್ತು" ಎಂದಳು ಅಕ್ಕ. ಬೈದಿದ್ದರೆ ಎಷ್ಟೋ ಮೇಲಿತ್ತು.

ಮಿಷನ್ ಈಗ ಮುಸುಕು ಹೊದ್ದು ಮೂಲೆಯಲ್ಲಿದೆ. ಕೋಟಿನ ತೂತು ಹಾಗೆಯೇ ಇದೆ. ಆ ಹಲಗೆಯಂಥ ತುಂಡಿನಿಂದ ಅಕ್ಕ ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುತ್ತಾಳೆ. ಅಷ್ಟು ವರ್ಷಗಳ ಹೊಲಿಗೆಯಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ. ಇಂಥವರನ್ನು ಪುಕ್ಕಲರೆನ್ನುವುದು ಸುಲಭ. ಅವರು ಪ್ರೀತಿಯನ್ನೂ ತೂಗಲು ಕೂರುತ್ತಾರೆ. ಒಂದು ಗುಂಜಿಯೂ ಕಡಿಮೆ ಬೀಳಬಾರದೆಂದು ತೂಗುತ್ತ ತೂಗುತ್ತ, ಕೊಡುವ ಹೊತ್ತನ್ನೇ ಕಳೆದುಬಿಡುತ್ತಾರೆ. ತಕ್ಕಡಿಯಿಂದ ಇಳಿಸುವ ತನಕ ಯಾವುದೂ ಯಾರದೂ...

"ಏನೋ ಅದು, ಒಬ್ಬನೇ ಗೊಣಗ್ತಾ ಕೂತಿದ್ದೀಯ? ಊಟಕ್ಕೆ ಬಾ!" ಅಡುಗೆಮನೆಯಿಂದ ಅಕ್ಕನ ದನಿ. "ಹಾಗೇ ನಿಮ್ಮ ಭಾವನ್ನೂ ಎಳ್ಕೊಂಡು ಬಾ. ಯಾವ ತಟ್ಟೆ ತಗೊಳ್ಳೋದು ಅಂತ ಅಲ್ಲೇ ಎಲ್ಲೋ ನಿಂತಿರ್ತಾರೆ."